ಆಕಳ ಬೆಣ್ಣಿ ಬಿಳಿ

ನನಗೆ ಬಣ್ಣ ಸರಿಯಾಗಿ ಕಾಣುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ — ಆಮೇಲೆ ಹೇಳೋಣವೆಂದರೆ ಹೇಳದೆಯೇ ಉಳಿದುಬಿಡುತ್ತೇನೆ, ನನ್ನ ಸ್ವಭಾವ ನನಗೆ ಗೊತ್ತು. ಹುಬ್ಬಳ್ಳಿಯಲ್ಲಿ ಹದಿನೆಂಟು ವರ್ಷ ಬಣ್ಣದ ಅಂಗಡಿ ನಡೆಸಿ, ‘ಬಿಳಿ ಆರಿಸೋದಿದ್ರ ಅಳಿಯಾನ್ನ ಕೇಳ್ರಿ’ ಎಂದು ಊರವರಿಂದ ಅನ್ನಿಸಿಕೊಂಡವನು ನಾನು. ಆ ಕಣ್ಣು ನನ್ನದಲ್ಲ. ಅದು ದಾವಲಸಾಬರದು. ಅವರ ಕಣ್ಣನ್ನು ಆರೇಳು ವರ್ಷ ನನ್ನದೆಂದು ನಡೆಸಿಕೊಂಡದ್ದು ಸಣ್ಣ ತಪ್ಪು. ದೊಡ್ಡ ತಪ್ಪೆಂದರೆ, ಆ ಕಣ್ಣು ಕೆಟ್ಟಿದೆ ಎಂದು ಊರು ನಂಬುವ ಹಾಗೆ ಮಾಡಿದೆ. ಊರಷ್ಟೇ ಅಲ್ಲ, ದಾವಲಸಾಬರೂ ನಂಬಿದರು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಓಣಿಯಲ್ಲಿ ರೈಲ್ವೆ ನೌಕರಿ ಹತ್ತಿದ ಹುಡುಗನಿಗೆ ಹೆಣ್ಣು ಕೊಡಲು ಜನ ಮುಗಿಬೀಳುತ್ತಿದ್ದರು. ನಾನೂ ಪರೀಕ್ಷೆ ಬರೆದು ಪಾಸಾಗಿದ್ದೆ. ಕೊನೆಗೆ ದೇಹ ತಪಾಸಣೆ. ಅಲ್ಲಿ ಒಂದು ಪುಸ್ತಕ ತೆರೆದು ಮುಂದಿಟ್ಟರು — ಪುಟದ ತುಂಬ ಬಣ್ಣಬಣ್ಣದ ಚುಕ್ಕಿಗಳು, ಅವುಗಳ ನಡುವೆ ಒಂದು ಅಂಕಿ ಇದೆಯಂತೆ, ಅದನ್ನು ಓದಬೇಕಂತೆ. ನನ್ನ ಮುಂದಿನವನು ಪಟಪಟನೆ ಓದಿ ಎದ್ದುಹೋದ. ನನಗೆ ಬರೀ ಚುಕ್ಕಿಗಳು ಕಂಡವು. ಇನ್ನೊಂದು ಪುಟ ತಿರುವಿದರು, ಮತ್ತೊಂದು ತಿರುವಿದರು, ಅಂಕಿ ಬರಲೇ ಇಲ್ಲ. ಕೆಂಪು, ಹಸಿರು, ಕಂದು — ಇವು ನನ್ನ ಕಣ್ಣಿಗೆ ಒಂದರೊಳಗೊಂದು ಸೇರಿಕೊಳ್ಳುತ್ತವೆ ಎಂದು ನನಗೆ ತಿಳಿದದ್ದೇ ಅವತ್ತು. ಮನೆಗೆ ಬಂದು, ಎದೆಯಳತೆ ಅರ್ಧ ಇಂಚು ಕಡಿಮೆ ಬಿತ್ತು ಎಂದೆ. ಅವ್ವ ನಂಬಿದಳು. ಮೈ ತುಂಬಲೆಂದು ಆರು ತಿಂಗಳು ಬಿಡದೆ ತುಪ್ಪದ ಅಂಟಿನುಂಡಿ ಕಟ್ಟಿ ತಿನ್ನಿಸಿದಳು. ಎದೆ ಇದ್ದಷ್ಟೇ ಉಳಿದು ಹೊಟ್ಟೆ ಅಗಲವಾಯಿತು.

ಮನೆಯಲ್ಲಿ ಖಾಲಿ ಕೂತವನನ್ನು ಸೋದರಮಾವ ತಮ್ಮ ಅಂಗಡಿಗೆ ಕರೆದರು. ದೇಶಪಾಂಡೆ ನಗರದಲ್ಲಿ ಅವರದು ಬಣ್ಣದ ಅಂಗಡಿ — ನಗಬೇಡಿ, ಬಣ್ಣದ್ದೇ. ಒಲ್ಲೆ ಎನ್ನಬೇಕಾದರೆ ಕಾರಣ ಹೇಳಬೇಕು, ಕಾರಣ ಹೇಳಿದರೆ ಎದೆಯಳತೆಯ ಕತೆ ಹೊರಬೀಳುತ್ತದೆ. ಸುಮ್ಮನೆ ಹೋಗಿ ಕೂತೆ. ಮಾವನ ಅಂಗಡಿಯಾದ್ದರಿಂದ ಗಿರಾಕಿಗಳಿಗೂ ಪೇಂಟರುಗಳಿಗೂ ನಾನು ‘ಅಳಿಯ’ ಆದೆ. ನನ್ನ ಹೆಸರು ಶಿವಾನಂದ ಎಂದು ಎಷ್ಟೋ ಜನರಿಗೆ ಇವತ್ತಿಗೂ ಗೊತ್ತಿಲ್ಲ.

ಡಬ್ಬಿಗಳ ಮೇಲೆ ಬಣ್ಣದ ಹೆಸರು ಬರೆದಿರುತ್ತದೆ, ಓದಿ ಕೊಡಬಹುದು. ಕಷ್ಟವೆಲ್ಲ ಗಿರಾಕಿಗಳು ಬಣ್ಣದ ಪಟ್ಟಿ ಬಿಡಿಸಿ, ‘ಇದರಾಗ ಯಾವುದು ಛಲೋ ಕಾಣ್ತೈತಿ ಹೇಳ್ರಿ’ ಎಂದಾಗ. ಅದಕ್ಕೊಂದು ಉಪಾಯ ಹುಡುಕಿದೆ. ಯಾರು ಏನೇ ಕೇಳಿದರೂ, ‘ಅವೆಲ್ಲಾ ಬಿಡ್ರಿ, ಬಿಳಿ ಹಚ್ಚಸ್ರಿ, ಮನಿ ಮನಿಯಂಗ ಕಾಣಬೇಕಂದ್ರ ಬಿಳೀನ’ ಎನ್ನತೊಡಗಿದೆ. ಬಿಳಿಯಲ್ಲಿ ತಪ್ಪಾಗುವುದೇನಿದೆ ಎಂದು ನನ್ನ ಲೆಕ್ಕ. ಗುಲಾಬಿ ಹಚ್ಚಿಸಲು ಬಂದವರು, ಗಿಳಿಹಸಿರು ಕೇಳಿ ಬಂದವರು ಎಲ್ಲರೂ ಬಿಳಿ ತೆಗೆದುಕೊಂಡು ಹೋದರು. ಆ ಕಾಲದಲ್ಲಿ ಆ ಭಾಗದ ಅರ್ಧ ಮನೆಗಳು ಬೆಳ್ಳಗಾದದ್ದು ನನ್ನ ಹೆದರಿಕೆಯಿಂದ. ಯಾರಾದರೂ ಇದನ್ನು ಒಳ್ಳೆಯ ಅಭಿರುಚಿ ಎಂದುಕೊಂಡಿದ್ದರೆ ಕ್ಷಮಿಸಬೇಕು.

ಬಿಳಿಯಲ್ಲೇ ಎಲ್ಲಕ್ಕಿಂತ ಹೆಚ್ಚು ತಪ್ಪಾಗುತ್ತದೆ ಎಂದು ಗೊತ್ತಾದದ್ದು ದಾವಲಸಾಬರಿಂದ. ನಾನು ಅವರನ್ನು ದಾವಲಕಾಕಾ ಎನ್ನುತ್ತಿದ್ದೆ. ಹಳೇ ಹುಬ್ಬಳ್ಳಿಯವರು, ನನಗಿಂತ ಹದಿನೈದು ವರ್ಷ ದೊಡ್ಡವರು, ನಮ್ಮ ಅಂಗಡಿಗೆ ಬರುವ ಪೇಂಟರುಗಳಲ್ಲೆಲ್ಲ ಹಿರಿಯರು. ಆಗ ಬಣ್ಣ ಕಲಸುವ ಯಂತ್ರ ಬಂದಿರಲಿಲ್ಲ. ಅಂಗಡಿಯ ಹಿತ್ತಲಲ್ಲಿ ಬಿಳಿ ಬಣ್ಣದ ಬಕೆಟ್ ಇಟ್ಟುಕೊಂಡು, ಸಣ್ಣ ಬಾಟಲಿಗಳಿಂದ ಹಳದಿಯನ್ನೋ ಕಾವಿಯನ್ನೋ ಹಸಿರನ್ನೋ ಹನಿ ಹನಿಯಾಗಿ ಬಿಡುತ್ತ, ಕೋಲಿನಿಂದ ತಿರುವುತ್ತ ಅವರು ಕೂರುತ್ತಿದ್ದರು. ಅವರ ಲೆಕ್ಕದಲ್ಲಿ ಬಿಳಿ ಎಂಬುದು ಒಂದು ಬಣ್ಣವಲ್ಲ. ಆಕಳ ಬೆಣ್ಣಿ, ಎಮ್ಮಿ ಬೆಣ್ಣಿ, ಜೋಳದ ಹಿಟ್ಟು, ಹಸಿ ಕೊಬ್ಬರಿ, ತೊಳೆದ ಧೋತರ — ಇವೆಲ್ಲ ಬೇರೆ ಬೇರೆ ಬಿಳಿ. ಕಾವಿ ನೆಲದ ಮನೆಗೆ ಹಸಿ ಕೊಬ್ಬರಿ ಬೇಕು, ನೆಲದ ಕೆಂಪು ಗೋಡೆಗೆ ಹಾಯುತ್ತದೆ, ಅದನ್ನು ತಡೆಯಲಿಕ್ಕೆ ಒಂದು ಹನಿ ಹಸಿರು. ಪಡುವಣ ಬಿಸಿಲು ಹೊಡೆಯುವ ಕೋಣೆಗೆ ಜೋಳದ ಹಿಟ್ಟು. ಬಡಗಣ ಕಿಟಕಿಯ ಕೋಣೆಗೆ ಬಿಸಿಲೇ ಬರುವುದಿಲ್ಲ, ಅಲ್ಲಿ ಆಕಳ ಬೆಣ್ಣಿ ಹಚ್ಚಿದರೆ ಕೋಣೆ ಬೆಚ್ಚಗೆ ಕಾಣುತ್ತದೆ. ಹೊಸ ಮನೆಗೆ ಹೋದರೆ ಗೋಡೆಗೆ ಅಂಗೈಯಗಲ ಬಣ್ಣ ಹಚ್ಚಿ ಬರುವರು. ಮುಂಜಾನೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ — ಮೂರು ಹೊತ್ತು ಹೋಗಿ ನೋಡದೆ ಇದೇ ಎಂದು ಹೇಳುತ್ತಿರಲಿಲ್ಲ.

ಇದು ನನಗೆ ದೇವರು ಕೊಟ್ಟ ವರವಾಯಿತು. ಗಿರಾಕಿ ಬಂದರೆ ಕಿಟಕಿ ಯಾವ ದಿಕ್ಕಿಗೆ, ನೆಲ ಯಾವುದು, ಬಾಗಿಲು ಸಾಗವಾನಿಯೋ ಏನು ಎಂದೆಲ್ಲ ಗಂಭೀರವಾಗಿ ಕೇಳುವೆ. ಕೇಳಿ, ‘ಒಂದು ದಿನಾ ಕೊಡ್ರಿ, ಬಿಳಿ ಅವಸರಕ್ಕ ಬರಂಗಿಲ್ಲ’ ಎನ್ನುವೆ. ಆ ಒಂದು ದಿನದಲ್ಲಿ ದಾವಲಕಾಕಾನ ಹತ್ತಿರ ಹೋಗಿ, ನಾನು ಆಗಲೇ ನಿರ್ಧಾರ ಮಾಡಿದವನ ಧಾಟಿಯಲ್ಲಿ, ‘ನೀವೂ ಒಮ್ಮೆ ನೋಡ್ರಿ ಕಾಕಾ’ ಎನ್ನುವೆ. ಅವರು ನೋಡಿ ಹೇಳುವರು. ಮರುದಿನ ಅದನ್ನೇ ನಾನು ಗಿರಾಕಿಗೆ ಹೇಳುವೆ. ಅಳಿಯ ಒಂದು ದಿನ ಯೋಚನೆ ಮಾಡಿ ಬಿಳಿ ಆರಿಸುತ್ತಾನೆ ಎಂದು ಧಾರವಾಡದಿಂದಲೂ ಜನ ಬರತೊಡಗಿದರು. ದಾವಲಕಾಕಾಗೆ ಇದರಿಂದ ಬೇಸರವಿರಲಿಲ್ಲ. ಅಂಗಡಿಯ ಅಳಿಯ ತನ್ನನ್ನೂ ಒಂದು ಮಾತು ಕೇಳುತ್ತಾನೆ ಎಂದು ಖುಷಿಪಡುತ್ತಿದ್ದರು.

ನನ್ನ ಕಣ್ಣಿನ ಗುಟ್ಟು ತಿಳಿದವಳು ಒಬ್ಬಳೇ, ನನ್ನ ಹೆಂಡತಿ ಗಿರಿಜಾ. ಮದುವೆಯಾದ ವರ್ಷ ಪಂಚಮಿಗೆ ಹಸಿರು ಇಳಕಲ್ ಸೀರೆ ಎಂದು ಕಂದು ಸೀರೆ ತಂದುಕೊಟ್ಟಿದ್ದೆ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು, ಆಮೇಲೆ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಆ ಸೀರೆ ಉಟ್ಟಾಗಲೆಲ್ಲ ‘ಹೆಂಗೈತಿ ಹಸರು?’ ಎಂದು ಕೇಳಿ ಕಾಡುತ್ತಾಳೆ. ಆದರೆ ಮುಂದೆ ಹೇಳುವ ಸಂಗತಿ ಅವಳಿಗೂ ಗೊತ್ತಿರಲಿಲ್ಲ.

ಬೈರಿದೇವರಕೊಪ್ಪದಲ್ಲಿ ಹಿರೇಮಠ ಮಾಸ್ತರರು ಹೊಸ ಮನೆ ಕಟ್ಟಿಸಿದ್ದರು. ನಿವೃತ್ತಿಯ ಮೇಲೆ ಕಟ್ಟಿಸಿದ ಮನೆ, ಒಂದೊಂದು ಕಲ್ಲನ್ನೂ ತಾವೇ ನಿಂತು ಇಡಿಸಿದ್ದರು. ಮಗಳ ನಿಶ್ಚಯ ಆ ಮನೆಯ ಪಡಸಾಲೆಯಲ್ಲೇ ಆಗಬೇಕೆಂದು ಅವರ ಆಸೆ. ಪಡಸಾಲೆಯ ಕಿಟಕಿಗಳು ಬಡಗಣಕ್ಕಿದ್ದವು. ದಾವಲಕಾಕಾ ಮೂರು ಹೊತ್ತು ನೋಡಿ ಆಕಳ ಬೆಣ್ಣಿ ಎಂದರು, ನಾನು ಮಾಸ್ತರರಿಗೆ ಆಕಳ ಬೆಣ್ಣಿ ಎಂದೆ. ಹಿತ್ತಲಲ್ಲಿ ಕೂತು ಒಮ್ಮೆಗೇ ಎರಡು ಬಕೆಟ್ ಕಲಸಿದರು. ಕಲಸಿದ ಮೇಲೆ ಅವರದೊಂದು ಪದ್ಧತಿ: ಹೆಬ್ಬೆರಳನ್ನು ಬಣ್ಣದಲ್ಲಿ ಅದ್ದಿ ಮುಚ್ಚಳದ ಮೇಲೆ ಒತ್ತುವುದು. ಒಣಗಿದ ಮೇಲೆ ಗೋಡೆ ಹೇಗೆ ಕಾಣಬೇಕೋ ಹಾಗೆ ಆ ಗುರುತು ಕಾಣುತ್ತದೆ. ಎರಡೂ ಮುಚ್ಚಳಕ್ಕೆ ಹೆಬ್ಬೆರಳೊತ್ತಿ, ತಂಗಿಯ ಮಗನ ಮದುವೆಗೆಂದು ಸವಣೂರಿನ ಕಡೆ ನಾಲ್ಕು ದಿನಕ್ಕೆ ಹೋದರು.

ಮೊದಲ ಬಕೆಟ್ಟಿನಲ್ಲಿ ಅವರ ಕೈಕೆಳಗಿನ ಹುಡುಗರು ಮೂರು ಗೋಡೆ ಮುಗಿಸಿದರು. ಉಳಿದದ್ದು ಎದುರಿನ ದೊಡ್ಡ ಗೋಡೆ, ಅದರ ಮುಂದೆಯೇ ಗಂಡು ಹೆಣ್ಣನ್ನು ಕೂರಿಸುವುದು. ಎರಡನೆಯ ಬಕೆಟ್ಟನ್ನು ನಾನೇ ಆಟೋಕ್ಕೆ ಎತ್ತಿ ಇಡಲು ಹೋದೆ. ಮುಚ್ಚಳ ಬಿಗಿಯಿರಲಿಲ್ಲ, ಕೈ ಜಾರಿತು, ಬಕೆಟ್ ಮಗುಚಿ ಆಕಳ ಬೆಣ್ಣೆಯೆಲ್ಲ ಗಟಾರಕ್ಕೆ ಹರಿಯಿತು.

ನಿಶ್ಚಯಕ್ಕೆ ಇನ್ನು ಒಂದೇ ದಿನ. ಮಾಸ್ತರರಿಗೆ ಫೋನು ಮಾಡಿ ಹೀಗಾಯಿತು ಎನ್ನಬಹುದಿತ್ತು. ಬೇರೆ ಹಿರಿಯ ಪೇಂಟರ್ ಯಾರನ್ನಾದರೂ ಕರೆದು ಕಲಸಿಸಬಹುದಿತ್ತು. ಆದರೆ ಆರೇಳು ವರ್ಷ ‘ಅಳಿಯಾನ ಕಣ್ಣು, ಅಳಿಯಾನ ಕಣ್ಣು’ ಎಂದು ಕೇಳಿ ಕೇಳಿ... ಏನು ಹೇಳಲಿ, ನನಗೇ ನಂಬಿಕೆ ಬಂದಿತ್ತು. ಅವರು ಕಲಸುವುದನ್ನು ಅಷ್ಟು ಸಲ ನೋಡಿದ್ದೇನೆ, ಹಳದಿ ಇಷ್ಟು ಹನಿ, ಕಾವಿ ಇಷ್ಟು ಹನಿ ಎಂದು ಬಾಯಿಪಾಠವಾಗಿದೆ. ಹಿತ್ತಲಲ್ಲಿ ಕೂತು ಕಲಸಿದೆ. ಬಾಟಲಿಗಳ ಮೇಲಿನ ಚೀಟಿಗಳು ಸೋರಿದ ಬಣ್ಣದಿಂದ ಮುಚ್ಚಿಹೋಗಿದ್ದವು. ಇದು ಕಾವಿ ಎಂದು ಒಂದನ್ನು ಎತ್ತಿಕೊಂಡೆ. ಅದು ಹಸಿರು ಎಂದು ಕಣ್ಣು ಸರಿಯಿದ್ದ ಯಾರಾದರೂ ಹೇಳುತ್ತಿದ್ದರು. ತಿರುವಿ ನೋಡಿದೆ, ನನಗೆ ಬೆಣ್ಣೆಯಂತೆಯೇ ಕಂಡಿತು. ಅದೇ ಬಕೆಟ್, ಅದೇ ಮುಚ್ಚಳ. ಮುಚ್ಚಳದ ಮೇಲೆ ದಾವಲಕಾಕಾನ ಹೆಬ್ಬೆರಳು. ಕಳಿಸಿದೆ. ಹುಡುಗರು ಗುರುತು ನೋಡಿ, ಗುರುಗಳು ಕಲಸಿಟ್ಟು ಹೋದದ್ದೇ ಎಂದುಕೊಂಡು, ಸಂಜೆ ಹಳದಿ ಬಲ್ಬಿನ ಬೆಳಕಲ್ಲಿ ಹಚ್ಚಿ ಮುಗಿಸಿದರು.

ಮರುದಿನ ಮುಂಜಾನೆ ಬಡಗಣ ಕಿಟಕಿ ತೆರೆದಾಗ ಮೂರು ಗೋಡೆ ಬೆಣ್ಣೆ, ನಾಲ್ಕನೆಯದು ಹಾವಸೆ ಹತ್ತಿದ ಹಾಗೆ ಹಸಿರು. ಆಗ ಮಾಡುವುದೇನೂ ಉಳಿದಿರಲಿಲ್ಲ, ಬೀಗರು ಬಂದು ಕೂತಿದ್ದರು. ಆ ಗೋಡೆಯ ಹಸಿರು ಹಾಯ್ದು ಮುಂದೆ ಕೂತ ಮಗಳ ಮುಖ ಬಾಡಿದಂತೆ ಕಂಡದ್ದು ನೋಡಿ ಗಂಡಿನ ಕಡೆಯ ಹೆಂಗಸೊಬ್ಬರು, ಹುಡುಗಿಗೆ ಮೈಯಲ್ಲಿ ಆರಾಮಿಲ್ಲವೇನು ಎಂದು ಕೇಳಿದರಂತೆ. ಸಂಬಂಧವೇನೂ ಮುರಿಯಲಿಲ್ಲ. ಆದರೆ ಮಾಸ್ತರರ ಮನಸ್ಸಿಗೆ ಆ ಮಾತು ಚುಚ್ಚಿತ್ತು.

ಮರುದಿನವೇ ಅವರು ಅಂಗಡಿಗೆ ಬಂದರು. ದಾವಲಕಾಕಾ ಅವತ್ತೇ ಊರಿಂದ ಬಂದು, ಮದುವೆಯ ಸಿಹಿಯ ಪೊಟ್ಟಣ ನನ್ನ ಕೈಗಿಟ್ಟು ಬೆಂಚಿನ ಮೇಲೆ ಕೂತಿದ್ದರು. ನನ್ನ ಮಾವನೂ ಇದ್ದರು, ಇನ್ನಿಬ್ಬರು ಪೇಂಟರುಗಳಿದ್ದರು. ಮಾಸ್ತರರು ಕೂಗಾಡಲಿಲ್ಲ. ನಡೆದದ್ದನ್ನು ಹೇಳಿ, ಆ ಗೋಡೆಯ ಬಣ್ಣ ಕಲಸಿದವರು ಯಾರು ಎಂದು ಕೇಳಿದರು.

ನಾನು ಹೇಳಿದೆ: “ಕಲಸೋದು ಯಾವಾಗಲೂ ದಾವಲಕಾಕಾನ ಕೆಲಸರಿ.”

ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಆ ವಾಕ್ಯವನ್ನು ಅಷ್ಟು ನಾಜೂಕಾಗಿ ಹೇಗೆ ಜೋಡಿಸಿದೆನೋ. ವಾಪಸು ಬಂದ ಖಾಲಿ ಬಕೆಟ್ ಕೌಂಟರಿನ ಬದಿಗಿತ್ತು, ಅದರ ಮುಚ್ಚಳ ನನ್ನ ಕಾಲ ಹತ್ತಿರ. ಆ ಮುಚ್ಚಳವನ್ನು ತೆಗೆದುಕೊಂಡು ಹೋಗಿ ಗೋಡೆಗೆ ಹಿಡಿದಿದ್ದರೆ, ಹೆಬ್ಬೆರಳ ಗುರುತು ಬೇರೆ, ಗೋಡೆ ಬೇರೆ ಎಂದು ಯಾರಿಗಾದರೂ ಕಾಣುತ್ತಿತ್ತು. ನಾನು ಅದನ್ನು ಕಾಲಿನಿಂದ ಮೆಲ್ಲಗೆ ಕೌಂಟರಿನ ಅಡಿಗೆ ಸರಿಸಿದೆ.

ದಾವಲಕಾಕಾ ಮಾಸ್ತರರ ಸಂಗಡ ಹೋಗಿ ಗೋಡೆ ನೋಡಿ ಬಂದರು. ಮಧ್ಯಾಹ್ನ ಅಂಗಡಿಯಲ್ಲಿ ನಾನೊಬ್ಬನೇ ಇದ್ದೆ. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಗಾಬರಿ ಇತ್ತು.

“ಎರಡೂ ಬಕೀಟ ಒಮ್ಮೆಲೇ ಕಲಸಿದ್ದೆ ಅಳಿಯಾರ. ಅದ ಕೈ, ಅದ ಕಣ್ಣು. ಹಿಂಗ ಹೆಂಗಾತು?”

ಆಗಲಾದರೂ ಹೇಳಬಹುದಿತ್ತು. ಯಾರೂ ಇರಲಿಲ್ಲ, ಅವರು ನನ್ನ ಮೇಲೆ ಕೂಗುವವರೂ ಅಲ್ಲ. ನಾನು ಹೇಳಿದ್ದು ಇದು — ಇದನ್ನು ಹೇಳು ಎಂದು ಯಾರೂ ನನ್ನನ್ನು ಒತ್ತಾಯಿಸಿರಲಿಲ್ಲ:

“ವಯಸ್ಸಾತಲ್ಲ ಕಾಕಾ. ಒಮ್ಮೆ ಕಣ್ಣು ತೋರಿಸ್ಕೊಂಡು ಬರ್ರಿ.”

ಅವರು ಕಣ್ಣು ತೋರಿಸಿಕೊಂಡು ಬಂದರು. ನಲವತ್ತರ ಮೇಲಿನವರಿಗೆ ಎಲ್ಲರಿಗೂ ಕೊಡುವ ಓದುವ ಚಷ್ಮಾ ಕೊಟ್ಟರು; ಅದನ್ನು ಅವರು ಶಿಕ್ಷೆಯೆಂಬಂತೆ ದಿನವಿಡೀ ಹಾಕಿಕೊಂಡರು. ಮಾಸ್ತರರ ಗೋಡೆಯನ್ನು ಪುಕ್ಕಟೆ ಹಚ್ಚಿಕೊಟ್ಟರು, ಆದರೆ ಆ ಬಣ್ಣವನ್ನು ತಾವು ಕಲಸಲಿಲ್ಲ, ಬೇರೊಬ್ಬ ಪೇಂಟರನಿಂದ ಕಲಸಿಸಿದರು. ಅದೇ ಕೊನೆ. ಆಮೇಲೆ ಅವರು ಬಾಟಲಿ ಮುಟ್ಟಲಿಲ್ಲ. ದಾವಲಸಾಬನ ಕಣ್ಣು ಹೋಗಿವೆ ಎಂದು ಪೇಂಟರುಗಳೇ ಹೇಳಿಕೊಂಡು ಓಡಾಡಿದರು. ಮನೆಯೊಳಗಿನ ಕೆಲಸ ಬಿಟ್ಟು ಕಬ್ಬಿಣದ ಗೇಟು, ಕಿಟಕಿಯ ಸರಳು ಬಳಿಯಲು ಹೋದರು. ಅಲ್ಲಿ ಕರಿ ಇಲ್ಲವೇ ಬೆಳ್ಳಿ ಬಣ್ಣ, ಆರಿಸುವುದಕ್ಕೇನೂ ಇಲ್ಲ.

ನನಗೂ ಮುಂದೆ ಬಿಳಿ ಆರಿಸುವುದು ಕಷ್ಟವಾಗಬೇಕಿತ್ತು. ಆಗಲಿಲ್ಲ. ಅವರು ಆರೇಳು ವರ್ಷ ಹೇಳಿದ್ದೆಲ್ಲ ಬಾಯಿಪಾಠವಿತ್ತು, ದಿಕ್ಕು ಕೇಳಿ ನೆಲ ಕೇಳಿ ಬಿಳಿ ಹೇಳುತ್ತ ನಡೆಸಿದೆ. ಎರಡು ಸಾವಿರ ದಾಟಿದ ಮೇಲೆ ಬಣ್ಣ ಕಲಸುವ ಯಂತ್ರ ಬಂತು, ನಂಬರು ಒತ್ತಿದರೆ ಮುಗಿಯಿತು. ಮಾವ ಅಂಗಡಿಯನ್ನು ನನಗೇ ಬಿಟ್ಟರು. ಮನೆ ಆಯಿತು, ಮಗಳು ಕಾಲೇಜು ಮೆಟ್ಟಿಲು ಹತ್ತಿದಳು, ಗಿರಿಜಾಳ ಕೈಯ ಬಿಸಿ ರೊಟ್ಟಿ, ಮಧ್ಯಾಹ್ನ ಅರ್ಧ ಗಂಟೆ ನಿದ್ದೆ. ನಾನು ಸುಖವಾಗಿಯೇ ಇದ್ದೆ. ಪಶ್ಚಾತ್ತಾಪದಲ್ಲಿ ಬೆಂದೆ ಎಂದು ಬರೆದರೆ ಅದು ಇನ್ನೊಂದು ಸುಳ್ಳು. ವರ್ಷಕ್ಕೊಮ್ಮೆ ದೀಪಾವಳಿಗೆ ಅಂಗಡಿ ಸ್ವಚ್ಛ ಮಾಡುವಾಗ ಅಟ್ಟದ ಮೇಲೆ ಬಚ್ಚಿಟ್ಟಿದ್ದ ಆ ಮುಚ್ಚಳ ಕೈಗೆ ಸಿಗುತ್ತಿತ್ತು. ಒಗೆಯಲಿಕ್ಕೆ ಮನಸ್ಸಾಗುತ್ತಿರಲಿಲ್ಲ. ಒರೆಸಿ ಅಲ್ಲೇ ಇಡುತ್ತಿದ್ದೆ.

ಹೋದ ತಿಂಗಳು ದಾವಲಕಾಕಾ ಅಂಗಡಿಗೆ ಬಂದರು. ಗೇಟಿನ ಬಣ್ಣಕ್ಕಿರಬೇಕು ಎಂದುಕೊಂಡೆ. ಅಲ್ಲ. ಮಗಳು ಬಾಣಂತನಕ್ಕೆ ಬರುತ್ತಾಳಂತೆ, ಮೇಲಿನ ಕೋಣೆಗೆ ಬಿಳಿ ಹಚ್ಚಬೇಕಂತೆ. ಬಡಗಣ ಕಿಟಕಿ. ಚಷ್ಮಾ ಸರಿಮಾಡಿಕೊಂಡು ಬಣ್ಣದ ಪಟ್ಟಿಯನ್ನು ನನ್ನ ಕಡೆ ಸರಿಸಿದರು.

“ನನ್ನ ಕಣ್ಣು ನಂಬಂಗಿಲ್ಲ ಅಳಿಯಾರ. ಹಸಗೂಸು ಮಲಗೋ ಕೋಣಿ. ನೀವ ಆರಿಸಿ ಕೊಡ್ರಿ.”

ನನ್ನ ಬಾಯಿಂದ ತಾನಾಗಿಯೇ ಬಂತು — “ಒಂದು ದಿನಾ ಕೊಡ್ರಿ.”

ಅವರು ತಲೆಯಾಡಿಸಿ ಹೋದರು. ಆಮೇಲೆ ನನಗೆ ಹೊಳೆಯಿತು: ಈ ಒಂದು ದಿನದಲ್ಲಿ ನಾನು ಯಾರನ್ನು ಕೇಳಬೇಕು? ನಾನು ಯಾರನ್ನು ಕೇಳುತ್ತಿದ್ದೆನೋ ಅವರೇ ಬಂದು ನನ್ನನ್ನು ಕೇಳಿ ಹೋಗಿದ್ದರು. ಮಧ್ಯಾಹ್ನ ಊಟಕ್ಕೆ ಕೂತವನು ತಟ್ಟೆಗೆ ಕೈ ಹಾಕಲಾರದೆ ಗಿರಿಜಾಳಿಗೆ ಎಲ್ಲವನ್ನೂ ಹೇಳಿದೆ. ಹಸಿರು ಸೀರೆಗೆ ನಕ್ಕವಳು ಇದಕ್ಕೆ ನಗಲಿಲ್ಲ. ಆ ಮುಚ್ಚಳ ಎಲ್ಲಿದೆ ಎಂದಷ್ಟೇ ಕೇಳಿದಳು.

ಮರುದಿನ ಮುಂಜಾನೆ ಮುಚ್ಚಳವನ್ನು ಕೈಚೀಲದಲ್ಲಿ ಹಾಕಿಕೊಂಡು ಹಳೇ ಹುಬ್ಬಳ್ಳಿಗೆ ಹೋದೆ. ಕೋಣೆ ಖಾಲಿ ಮಾಡಿಟ್ಟಿದ್ದರು. ಒಂದು ಸ್ಟೂಲಿನ ಮೇಲೆ ನನ್ನನ್ನು ಕೂರಿಸಿ ಅವರು ನಿಂತೇ ಇದ್ದರು. ಚುಕ್ಕಿಗಳ ಪುಸ್ತಕದಿಂದ ಶುರುಮಾಡಿ, ಗಟಾರ, ಹಸಿರು ಬಾಟಲಿ, ಕಾಲಿನಿಂದ ಸರಿಸಿದ್ದು — ಯಾವುದನ್ನೂ ಬಿಡದೆ ಹೇಳಿದೆ. ಅವರು ಮುಚ್ಚಳವನ್ನು ಕೈಗೆ ತೆಗೆದುಕೊಂಡರು. ಚಷ್ಮಾ ತೆಗೆದು ಜೇಬಿಗಿಟ್ಟರು. ಕಿಟಕಿಯ ಹತ್ತಿರ ಹೋಗಿ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಹಿಂದೆ ಮಾಡುತ್ತಿದ್ದಂತೆಯೇ ತಲೆ ಓರೆ ಮಾಡಿ ನೋಡಿದರು. ತಮ್ಮ ಹೆಬ್ಬೆರಳನ್ನು ಆ ಹಳೆಯ ಗುರುತಿನ ಮೇಲೆ ಇಟ್ಟರು.

“ಆಕಳ ಬೆಣ್ಣಿ,” ಎಂದರು. “ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಮ್ಮಿ ಇಲ್ಲ.”

ನಾನು ಕಾಲು ಮುಟ್ಟಲು ಬಗ್ಗಿದೆ. ಅವರು ಹಿಂದೆ ಸರಿದರು.

“ಗ್ವಾಡಿ ಕೆಟ್ಟಿದ್ದಕ್ಕ ಸಿಟ್ಟಿಲ್ರಿ. ಇಷ್ಟ ವರ್ಷ ನನ್ನ ಕಣ್ಣ ಮ್ಯಾಲ ನನಗ ಸಂಶೆ ಹಚ್ಚಿ ಇಟ್ಟಿದ್ರಿ.” ಧ್ವನಿ ಏರಲಿಲ್ಲ. “ನನಗಷ್ಟ ಹೇಳಿದ್ರ ಮುಗಿಯಂಗಿಲ್ಲ ಅಳಿಯಾರ. ಆವತ್ತ ಊರಿಗೆ ಹೇಳಿದ್ರಿ. ಇವತ್ತೂ ಊರಿಗೇ ಹೇಳ್ರಿ.”

ಚಹಾ ಕುಡಿದು ಹೋಗಿರಿ ಎನ್ನಲಿಲ್ಲ. ಆ ಮನೆಯಿಂದ ನಾನು ಚಹಾ ಕುಡಿಯದೆ ಬಂದದ್ದು ಅದೇ ಮೊದಲು. ಮುಚ್ಚಳ ಅವರ ಹತ್ತಿರವೇ ಉಳಿಯಿತು.

ಅಲ್ಲಿಂದ ನೇರವಾಗಿ ಬೈರಿದೇವರಕೊಪ್ಪಕ್ಕೆ ಹೋಗಿ ಹಿರೇಮಠ ಮಾಸ್ತರರಿಗೆ ಹೇಳಿದೆ. ಅವರಿಗೆ ಈಗ ಕಿವಿ ಮಂದ, ಎರಡು ಸಲ ಜೋರಾಗಿ ಹೇಳಬೇಕಾಯಿತು, ಪಕ್ಕದ ಮನೆಯವರಿಗೂ ಕೇಳಿಸಿತು. ಒಳ್ಳೆಯದೇ ಆಯಿತು. ಮಾಸ್ತರರು ಅಂಗಡಿಗೆ ಬಂದ ದಿನ ಅಲ್ಲಿದ್ದ ಇಬ್ಬರು ಪೇಂಟರುಗಳನ್ನು ಹುಡುಕಿ ಹೇಳಿದೆ. ಮಾವನಿಗೆ ಹೇಳಿದೆ, ಅವರು ನನ್ನ ಸಂಗಡ ಇನ್ನೂ ಮಾತಾಡುತ್ತಿಲ್ಲ. ಅವ್ವನಿಗೆ ಎದೆಯಳತೆಯ ಸುಳ್ಳನ್ನೂ ಒಪ್ಪಿಸಿದೆ. ಅವಳು ಅಂಟಿನುಂಡಿಗೆ ಹೋದ ತುಪ್ಪವನ್ನು ನೆನೆದು ಬೈದಳು.

ಮೇಲಿನ ಕೋಣೆಗೆ ದಾವಲಕಾಕಾ ತಾವೇ ಬಣ್ಣ ಕಲಸಿ ಹಚ್ಚಿದರು ಎಂದು ಗಿರಿಜಾ ಹೇಳಿದಳು. ಕೂಸನ್ನು ನೋಡಲು ಅವಳೊಬ್ಬಳೇ ಹೋಗಿದ್ದಳು. ಕೋಣೆ ಹೇಗಿದೆ ಎಂದು ಕೇಳಿದೆ. ಬೆಚ್ಚಗಿದೆ ಎಂದಳು. ನನಗೆ ಕರೆ ಬಂದಿಲ್ಲ. ಬರಬೇಕೆಂದೂ ನಾನು ಕೇಳುವಂತಿಲ್ಲ.

ಇನ್ನು ಉಳಿದವರು ನೀವು — ಆ ಮಾತನ್ನು ಎಲ್ಲೆಲ್ಲಿಂದಲೋ ಕೇಳಿ ನಂಬಿದವರು, ನನ್ನನ್ನು ಕೇಳಿ ಮನೆಗೆ ಬಿಳಿ ಹಚ್ಚಿಸಿದವರು. ಹಿರೇಮಠ ಮಾಸ್ತರರ ಗೋಡೆ ಕೆಡಿಸಿದವನು ನಾನು. ದಾವಲಸಾಬರ ಕಣ್ಣು ಆವತ್ತೂ ಸರಿಯಿತ್ತು, ಇವತ್ತೂ ಸರಿಯಿದೆ. ನಿಮ್ಮ ಮನೆಯ ಬಿಳಿ ಚೆನ್ನಾಗಿದ್ದರೆ ಅದನ್ನು ಆರಿಸಿದವರು ಅವರು. ಇನ್ನು ಮುಂದೆ ಬಿಳಿ ಕೇಳಿಕೊಂಡು ಅಂಗಡಿಗೆ ಬಂದವರಿಗೆ ನಾನು ಒಂದು ದಿನ ಕೇಳುವುದಿಲ್ಲ. ಹಳೇ ಹುಬ್ಬಳ್ಳಿಯ ದಾರಿ ತೋರಿಸಿ ಇಷ್ಟೇ ಹೇಳುತ್ತೇನೆ: ಅವರನ್ನು ಕೇಳಿ, ನನಗೆ ಕಾಣುವುದಿಲ್ಲ.